ಮರಗೆಲಸಕ್ಕೂ ಐವತ್ತು ಅಂಕ

ಆ ಶಾಲೆಯಲ್ಲಿ ಗಣಿತ ಹೇಳಿಕೊಡುವವರನ್ನು ಗಣಿತದ ಮೇಷ್ಟ್ರು ಎನ್ನುತ್ತಿದ್ದರು, ವಿಜ್ಞಾನ ಹೇಳಿಕೊಡುವವರನ್ನು ವಿಜ್ಞಾನದ ಟೀಚರ್ ಎನ್ನುತ್ತಿದ್ದರು. ಮರಗೆಲಸ ಹೇಳಿಕೊಡುವವರಿಗೆ ಮಾತ್ರ ಲೆಕ್ಕಕ್ಕಿಲ್ಲದ ಮೇಷ್ಟ್ರು ಎಂಬ ಹೆಸರು ಬಿದ್ದಿತ್ತು. ಇಟ್ಟವರು ಮಕ್ಕಳಲ್ಲ, ಸ್ಟಾಫ್ ರೂಮಿನ ದೊಡ್ಡವರೇ. ವರ್ಷದ ಕೊನೆಗೆ ಮಕ್ಕಳ ಕೈಗೆ ಕೊಡುವ ಅಂಕಪಟ್ಟಿಯಲ್ಲಿ ಎಲ್ಲ ವಿಷಯಕ್ಕೂ ಒಂದೊಂದು ಕಾಲಂ ಇತ್ತು. ಓಡುವುದಕ್ಕೆ, ಜಿಗಿಯುವುದಕ್ಕೆ ಇತ್ತು. ಯಾರ ನಡತೆಯನ್ನೂ ಯಾರೂ ನೋಡದಿದ್ದರೂ ನಡತೆಗೂ ಒಂದು ಕಾಲಂ ಇತ್ತು. ಮರಗೆಲಸಕ್ಕೆ ಇರಲಿಲ್ಲ. ಆಟಕ್ಕುಂಟು, ಲೆಕ್ಕಕ್ಕಿಲ್ಲ ಅಂತಾರಲ್ಲ, ಹಾಗೆ.

ಪ್ರಪಂಚದಲ್ಲಿ ಜನ ಏನೇನೋ ಬಯಸುತ್ತಾರೆ. ಈ ಮೇಷ್ಟ್ರು ಬಯಸಿದ್ದು ಒಂದೇ: ಆ ಪಟ್ಟಿಯಲ್ಲಿ ಒಂದು ಕಾಲಂ. ಬೆರಳಗಲ ಇದ್ದರೂ ಸಾಕು. ಪ್ರತಿ ವರ್ಷ ಶಾಲೆ ಶುರುವಾದಾಗ ಹೆಡ್‌ಮಿಸ್ ಕೋಣೆಗೆ ಹೋಗಿ, ಕುರ್ಚಿ ತೋರಿಸಿದರೂ ಕೂರದೆ, "ಈ ಸಲನಾದ್ರೂ ನಮ್ಮ ಸಬ್ಜೆಕ್ಟಿಗೆ ಏನಾದ್ರೂ ಮಾಡಿ ಮೇಡಂ" ಎಂದು ಕೇಳುತ್ತಿದ್ದರು. ಹೆಡ್‌ಮಿಸ್ ಒಳ್ಳೆಯ ಹೆಂಗಸು, ಯಾವುದಕ್ಕೂ ಇಲ್ಲ ಎನ್ನುತ್ತಿರಲಿಲ್ಲ. "ನೋಡೋಣ ಮೇಷ್ಟ್ರೆ" ಎನ್ನುತ್ತಿದ್ದರು. ಮೇಷ್ಟ್ರು ಹೊರಗೆ ಬಂದು ಮುಂದಿನ ವರ್ಷಕ್ಕೆ ಕಾಯುತ್ತಿದ್ದರು.

ಅವರ ತರಗತಿ ಎಂದರೆ ಶಾಲೆಯ ಹಿಂಭಾಗದಲ್ಲಿ, ಶೌಚಾಲಯಕ್ಕೂ ನೀರಿನ ಟ್ಯಾಂಕಿಗೂ ನಡುವೆ ಸಿಕ್ಕಿಕೊಂಡಿದ್ದ ಒಂದು ತಗಡಿನ ಶೆಡ್ಡು. ಒಳಗೆ ಗೋಡೆಯುದ್ದಕ್ಕೂ ಗರಗಸ, ಉಳಿ, ಹತ್ತರಿ, ಕೊಡತಿಗಳನ್ನು ತೂಗುಹಾಕಿತ್ತು. ಒಂದೊಂದರ ಹಿಂದೆಯೂ ಅದರದೇ ಆಕಾರವನ್ನು ಸುಣ್ಣದಲ್ಲಿ ಬರೆದಿತ್ತು, ಯಾವುದು ಕಾಣೆಯಾದರೂ ಗೋಡೆಯೇ ಹೇಳಲಿ ಅಂತ. ನೆಲದ ಮೇಲೆ ಮರದ ಹೊಟ್ಟು. ಆ ನೆಲವಾದರೂ ಸರಿಯಾಗಿತ್ತೇ? ಒಂದು ಕಡೆ ಕುಸಿದು, ಇನ್ನೊಂದು ಕಡೆ ಉಬ್ಬಿ, ಗೋಲಿ ಬಿಟ್ಟರೆ ತಾನಾಗಿ ಬಾಗಿಲ ಕಡೆ ಹೊರಡುತ್ತಿತ್ತು. ಪರೀಕ್ಷೆ ಹತ್ತಿರ ಬಂದರಂತೂ ಗಣಿತದ ಮೇಷ್ಟ್ರು ಬಾಗಿಲಲ್ಲಿ ನಿಂತು, "ನಿಮ್ಮ ಪೀರಿಯಡ್ ನಂಗೆ ಕೊಡಿ ಮೇಷ್ಟ್ರೆ. ಹೇಗೂ ನಿಮ್ಮದು..." ಎಂದು ಅರ್ಧಕ್ಕೆ ನಿಲ್ಲಿಸಿ ನಗುತ್ತಿದ್ದರು. ಆ ಅರ್ಧ ವಾಕ್ಯ ನಮ್ಮ ಮೇಷ್ಟ್ರನ್ನು ಪೂರ್ತಿ ವಾಕ್ಯಕ್ಕಿಂತ ಹೆಚ್ಚು ಚುಚ್ಚುತ್ತಿತ್ತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರೂ ಪಾಠ ಮಾಡಿದವರೇ. ಬೋರ್ಡಿನ ಮೇಲೆ ಚಿತ್ರ ಬರೆದು, ಮರದ ತುಂಡುಗಳನ್ನು ಜೋಡಿಸುವ ಕೂಡುಗಳ ವಿಧಗಳನ್ನು ವಿವರಿಸಿ, ಎಲ್ಲರೂ ಒಂದೇ ಅಳತೆಯ ಫೋಟೋ ಚೌಕಟ್ಟು ಮಾಡಬೇಕೆಂದು ಹಟ ಹಿಡಿದವರೇ. ಯಾರಿಗೂ ಬೇಡವಾದ ವಿಷಯಕ್ಕೆ ತಾನೊಬ್ಬ ಯಾಕೆ ಗಂಟಲು ಹರಿದುಕೊಳ್ಳಬೇಕು ಎಂದು ಒಂದು ದಿನ ಅನ್ನಿಸಿತು. ಮಂಡಿನೋವೂ ಜೊತೆಗೂಡಿತು. ಅಂದಿನಿಂದ ಅವರ ಪಾಠ ಒಂದೇ ವಾಕ್ಯಕ್ಕೆ ಇಳಿಯಿತು: "ಏನಾದ್ರೂ ಮಾಡ್ಕೊಳ್ರಪ್ಪ, ಬೆರಳು ಮಾತ್ರ ಕುಯ್ಕೋಬೇಡಿ." ಅಷ್ಟು ಹೇಳಿ ಪೇಪರ್ ಬಿಡಿಸಿಕೊಂಡು ಕೂತರೆ ಗಂಟೆ ಹೊಡೆದಾಗಲೇ ಮಡಚುವುದು. ಯಾವುದಾದರೂ ಮಗು ಬಂದು, "ಸರ್, ಇದು ಯಾಕೆ ಸೀಳು ಬಿಡ್ತು?" ಎಂದರೆ ಪೇಪರಿನ ಹಿಂದಿನಿಂದಲೇ "ನೀನೇ ನೋಡು" ಎನ್ನುತ್ತಿದ್ದರು. ಇದು ಶಿಕ್ಷಣಶಾಸ್ತ್ರವಲ್ಲ ಸ್ವಾಮಿ, ಅಪ್ಪಟ ಸೋಮಾರಿತನ. ಎದ್ದು ಹೋಗಿ ನೋಡಲು ಮಂಡಿ ಬಿಡುತ್ತಿರಲಿಲ್ಲ.

ಆದರೆ ವಿಚಿತ್ರ ನೋಡಿ, ಮಕ್ಕಳು ನಿಜವಾಗಿಯೂ ತಾವೇ ನೋಡತೊಡಗಿದರು. ಒಬ್ಬ ದೋಣಿ ಮಾಡಲು ಕೂತ. ನೀರಿನ ಟ್ಯಾಂಕಿನಲ್ಲಿ ಬಿಟ್ಟು ನೋಡಿ, ಮುಳುಗಿದರೆ ಎತ್ತಿ ತಂದು ಮತ್ತೆ ಕೆತ್ತುತ್ತಿದ್ದ. ಇಬ್ಬರು ಸೇರಿ ಮುಚ್ಚಳವಿಲ್ಲದ ಪೆಟ್ಟಿಗೆ ಮಾಡಿ, ಆಮೇಲೆ ಮುಚ್ಚಳ ಹೇಗೆ ಕೂರುತ್ತದೆಂದು ತಿಂಗಳುಗಟ್ಟಲೆ ಜಗಳವಾಡಿದರು. ಮಧ್ಯಾಹ್ನದ ಬಿಡುವಿನಲ್ಲಿ ಊಟದ ಡಬ್ಬಿ ಶೆಡ್ಡಿಗೇ ಬರುತ್ತಿತ್ತು. ಗಣಿತದ ತರಗತಿಯಲ್ಲಿ ಕಿಟಕಿ ನೋಡುವ ಮಕ್ಕಳು ಇಲ್ಲಿ ಗಂಟೆ ಹೊಡೆದರೂ ಏಳುತ್ತಿರಲಿಲ್ಲ. ಮೇಷ್ಟ್ರಿಗೆ ಇದೊಂದು ದೊಡ್ಡ ವಿಷಯ ಎಂದು ಹೊಳೆಯಲೇ ಇಲ್ಲ. ಹಿತ್ತಲ ಗಿಡ ಮದ್ದಲ್ಲ, ಅದರಲ್ಲೂ ನಮ್ಮದೇ ಹಿತ್ತಲಾದರೆ.

ಆ ಮಕ್ಕಳಲ್ಲಿ ಒಬ್ಬಳ ವಿಷಯ ಬೇರೆ. ಎಲ್ಲದಕ್ಕೂ ಯಾಕೆ, ಯಾಕೆ ಎಂದು ಕೇಳಿ ಕೇಳಿ ಟೀಚರುಗಳ ತಲೆ ತಿನ್ನುತ್ತಿದ್ದುದರಿಂದ ಅವಳಿಗೆ ಯಾಕಮ್ಮ ಎಂಬ ಅಡ್ಡಹೆಸರು ಬಂದಿತ್ತು. ಸೊನ್ನೆಯಿಂದ ಭಾಗಿಸಬಾರದು ಎಂದರೆ ಯಾಕೆ? ವ್ಯಾಕರಣ ಹೀಗೇ ಎಂದರೆ ಯಾಕೆ? ಉತ್ತರ ಸಿಗುವವರೆಗೆ ಮುಂದಿನ ಪುಟಕ್ಕೆ ಹೋಗುತ್ತಿರಲಿಲ್ಲವಾದ್ದರಿಂದ ಎಲ್ಲ ವಿಷಯದಲ್ಲೂ ಹಿಂದೆ ಬಿದ್ದಿದ್ದಳು. ಅವಳು ಶೆಡ್ಡಿನಲ್ಲಿ ಒಂದು ಸ್ಟೂಲು ಮಾಡಲು ಹೊರಟಳು. ಮಾಡಿದಳು ಕೂಡ. ನೆಲಕ್ಕಿಟ್ಟರೆ ಅದು ಟಕಟಕ ಆಡಿತು. ಒಂದು ಕಾಲು ಉದ್ದವಾಯಿತೆಂದು ಸ್ವಲ್ಪ ಕುಯ್ದಳು, ಇನ್ನೊಂದು ಕಾಲು ಮೇಲೆದ್ದಿತು. ಅದನ್ನು ಕುಯ್ದಳು, ಮತ್ತೊಂದು. ಹೀಗೆ ಕುಯ್ಯುತ್ತಾ ಕುಯ್ಯುತ್ತಾ ಸ್ಟೂಲು ಕುಳ್ಳಗಾಗಿ ಕೊನೆಗೆ ಕೂರುವ ಮಣೆಯಾಯಿತು. ಹುಡುಗರು ಬಿದ್ದು ಬಿದ್ದು ನಕ್ಕರು. ಅವಳು ಅಳಲಿಲ್ಲ, ಇನ್ನೊಂದು ಶುರುಮಾಡಿದಳು.

"ಯಾರಿಗಮ್ಮ ಇದು?" ಎಂದು ಮೇಷ್ಟ್ರು ಒಮ್ಮೆ ಪೇಪರ್ ಇಳಿಸಿ ಕೇಳಿದರು.

"ಯಾರಿಗೂ ಅಲ್ಲ ಸರ್. ಆಡಬಾರದು, ಅಷ್ಟೆ."

ಆ ಮಾತು ಕೇಳಿ ಮೇಷ್ಟ್ರು ಇಳಿಸಿದ ಪೇಪರನ್ನು ಮತ್ತೆ ಎತ್ತಲಿಲ್ಲ. ಅವರೂ ಅದೇ ವಯಸ್ಸಿನಲ್ಲಿ, ಪರೀಕ್ಷೆಯಲ್ಲಿ ಡುಮ್ಕಿ ಹೊಡೆದು ಮನೆಯವರಿಂದ ಛೀಮಾರಿ ಹಾಕಿಸಿಕೊಂಡು, ಸೋದರಮಾವನ ಮರಗೆಲಸದ ಅಂಗಡಿಗೆ ಬಿದ್ದವರು. ಅಲ್ಲಿ ಇದೇ ಸ್ಟೂಲು, ಇದೇ ಟಕಟಕ. ಮಾವ ಕಂಡೂ ಕಾಣದವರಂತೆ ಗರಗಸಕ್ಕೆ ಅರ ಉಜ್ಜುತ್ತಾ ಕೂತಿದ್ದರೇ ಹೊರತು ಬಾಯಿ ಬಿಡಲಿಲ್ಲ. ಬಹಳ ದಿನ ಒದ್ದಾಡಿದ ಮೇಲೆ ಒಂದು ಸಂಜೆ ಹುಡುಗನಿಗೆ ತಾನಾಗಿಯೇ ಹೊಳೆಯಿತು: ಮೂರೇ ಕಾಲಿದ್ದರೆ ಸ್ಟೂಲು ಆಡುವುದೇ ಇಲ್ಲ, ನೆಲ ಎಷ್ಟು ಡೊಂಕಾದರೂ ಸರಿ. ಹುಡುಗ ಅಂಗಡಿಯೆಲ್ಲಾ ಕುಣಿದಾಡಿದ್ದ. ಪರೀಕ್ಷೆಯಲ್ಲಿ ಫೇಲಾದವನಿಗೆ ತಲೆ ಇದೆ ಎಂದು ಗೊತ್ತಾದ ದಿನ ಅದು. ಅಷ್ಟು ಸಂತೋಷ ಆಮೇಲೆ ಮದುವೆಯಲ್ಲೂ ಆಗಿರಲಿಲ್ಲ. ಹೆಂಡತಿಗೆ ಇದು ಗೊತ್ತು, ಆಗಾಗ ಎತ್ತಿ ಆಡುತ್ತಾಳೆ.

ಈ ಹುಡುಗಿಗೂ ಅದು ತಾನಾಗಿಯೇ ಹೊಳೆಯಬೇಕು ಎಂದು ಮೇಷ್ಟ್ರು ತೀರ್ಮಾನಿಸಿದರು. ಹೇಳಿಬಿಟ್ಟರೆ ಅರ್ಧ ನಿಮಿಷದ ಮಾತು, ಆದರೆ ಆ ಕುಣಿತ ಅವಳಿಗೆ ತಪ್ಪಿಹೋಗುತ್ತದೆ. ಅಂದಿನಿಂದ ಪೇಪರ್ ನೆಪಕ್ಕೆ ಮಾತ್ರ. ಅದರ ಅಂಚಿನಿಂದ ಹುಡುಗಿಯ ಕೈಯನ್ನೇ ನೋಡುತ್ತಾ ಕೂರುತ್ತಿದ್ದರು. ಜೀವಮಾನದಲ್ಲಿ ಅವರು ಬೇಕೆಂದೇ ಕಲಿಸಿದ್ದು ಇದೊಂದನ್ನೇ, ಅದೂ ಬಾಯಿಮುಚ್ಚಿಕೊಂಡು.

ಇಂಥ ಹೊತ್ತಿನಲ್ಲಿ ಶಾಲೆಗೆ ಶಿಕ್ಷಣ ತಜ್ಞೆಯೊಬ್ಬರು ಬಂದರು. ಮಗುವೇ ಕಲಿಕೆಯ ಕೇಂದ್ರ, ಅಂಕದ ಆಸೆಗೆ ಕಲಿಯಬಾರದು, ಒಳಗಿನ ಆಸಕ್ತಿಯಿಂದ ಕಲಿಯಬೇಕು ಎಂಬುದು ಅವರ ಪಕ್ಷ. ಹೆಡ್‌ಮಿಸ್ ಎಲ್ಲ ತರಗತಿಗಳನ್ನೂ ತೋರಿಸಿದರು. ಮಕ್ಕಳೆಲ್ಲ ಕೈಕಟ್ಟಿ ಕೂತು, ಕೇಳಿದ ಪ್ರಶ್ನೆಗೆ ಒಟ್ಟಿಗೆ ರಾಗವಾಗಿ ಉತ್ತರ ಹೇಳಿದರು. ತಜ್ಞೆಯ ಮುಖ ಬಾಡಿತು. ಶೆಡ್ಡನ್ನು ಯಾರೂ ತೋರಿಸಲಿಲ್ಲ, ತೋರಿಸಬೇಕೆಂದು ಯಾರಿಗೂ ಅನ್ನಿಸಿರಲೂ ಇಲ್ಲ. ಆಕೆ ಶೌಚಾಲಯ ಹುಡುಕಿಕೊಂಡು ಬಂದವರು, ಪಕ್ಕದಲ್ಲಿ ಗದ್ದಲ ಕೇಳಿ ಕಿಟಕಿಯಲ್ಲಿ ಇಣುಕಿದರು. ಅಲ್ಲೇ ನಿಂತುಬಿಟ್ಟರು, ಬಂದ ಕೆಲಸ ಮರೆತು.

ಮೇಷ್ಟ್ರು ಪೇಪರನ್ನು ಕುರ್ಚಿಯ ಕೆಳಗೆ ತಳ್ಳಿ ಗಡಬಡಿಸಿ ಎದ್ದರು. ಕೆಲಸ ಹೋಯಿತೆಂದೇ ಅವರ ಭಾವನೆ.

"ನೀವು ಯಾವ ವಿಧಾನ ಅನುಸರಿಸ್ತೀರಿ?" ಎಂದು ಆಕೆ ಕೇಳಿದರು.

"ವಿಧಾನ ಅಂತ ಏನೂ ಇಲ್ಲ ಮೇಡಂ."

ಆಕೆ ಕಣ್ಣರಳಿಸಿ ಅದನ್ನು ಬರೆದುಕೊಂಡರು. "ಏನು ಮಾಡಬೇಕು ಅಂತ ಯಾರು ಹೇಳ್ತಾರೆ?"

"ಯಾರೂ ಹೇಳಲ್ಲ. ಅವರಿಗೆ ತೋಚಿದ್ದು."

"ಮಗು ಬಂದು ಏನಾದ್ರೂ ಕೇಳಿದ್ರೆ?"

"ನೀನೇ ನೋಡು ಅಂತೀನಿ," ಎಂದರು ಮೇಷ್ಟ್ರು. ಹೇಗೂ ಮುಳುಗಿದ ಮೇಲೆ ಚಳಿಯೇನು, ಮಳೆಯೇನು?

"ಅದ್ಭುತ!" ಎಂದರು ತಜ್ಞೆ. ಅವರ ಕಣ್ಣಲ್ಲಿ ನೀರಾಡಿತು. ದೇಶವೆಲ್ಲ ಸುತ್ತಿದರೂ ಇಂಥ ಗುರುವನ್ನು ಕಂಡಿರಲಿಲ್ಲವಂತೆ.

ಆ ಸಂಜೆ ಮೇಷ್ಟ್ರು ಮನೆಗೆ ಬಂದು, ಆಸ್ಪತ್ರೆಯ ಡ್ಯೂಟಿ ಮುಗಿಸಿ ಕಾಲು ಚಾಚಿ ಕೂತಿದ್ದ ಹೆಂಡತಿಗೆ ನಡೆದದ್ದೆಲ್ಲ ಹೇಳಿದರು. ಆಕೆ ನರ್ಸು. ಹೊಗಳಿಕೆಯನ್ನೂ ಜ್ವರವನ್ನೂ ಒಂದೇ ಮುಖದಲ್ಲಿ ಅಳೆಯುವವಳು. "ಕೇಳಿದ್ದಕ್ಕೆ ಉತ್ತರ ಕೊಡದೇ ಇರೋದು ಅಷ್ಟು ದೊಡ್ಡ ವಿದ್ಯೆನಾ? ಹಾಗಾದ್ರೆ ಆ ಮೇಡಂನ ನಮ್ಮನೆಗೂ ಕರ್ಕೊಂಡ್ ಬನ್ರಿ. ನಾನು ಮದುವೆಯಾದಾಗಿಂದ ನೋಡ್ತಿದ್ದೀನಿ" ಎಂದಳು.

ಮೇಷ್ಟ್ರು ನಕ್ಕರು. ಆದರೆ ಒಂದೆರಡು ವಾರದಲ್ಲಿ ಅವರಿಗೆ ಅದು ನಗುವ ಮಾತಾಗಿ ಉಳಿಯಲಿಲ್ಲ. ತಜ್ಞೆಯ ವರದಿ ಬಂತು. ಅದರಲ್ಲಿ ಶೆಡ್ಡಿನ ಬಗ್ಗೆಯೇ ಅರ್ಧ ಭಾಗ. ಶಿಕ್ಷಕರ ಸಭೆಯೊಂದಕ್ಕೆ ಮಾತಾಡಲು ಕರೆದರು. ಮೇಷ್ಟ್ರು ಇಸ್ತ್ರಿ ಅಂಗಿ ತೊಟ್ಟು ಹೋಗಿ, "ನಾನು ಬೇಕು ಅಂತಲೇ ಹಿಂದೆ ಸರಿದು ಕೂರ್ತೀನಿ. ಶಿಕ್ಷಕ ಹಿಂದೆ ಸರಿದಷ್ಟೂ ಮಗು ಮುಂದೆ ಬರುತ್ತೆ" ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದರು. ಮಂಡಿನೋವಿನ ಪ್ರಸ್ತಾಪ ಬರಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಕೂತು, ನಿಜಕ್ಕೂ ತಾನು ಮೊದಲಿಂದಲೂ ಬೇಕೆಂದೇ ಹಾಗೆ ಮಾಡಿದ್ದೆ ಎಂದು ಅವರಿಗೇ ಅನ್ನಿಸತೊಡಗಿತು.

ಹೆಡ್‌ಮಿಸ್ ಕರೆದು ಕೂರಿಸಿದರು. ಈ ಸಲ ಮೇಷ್ಟ್ರು ಕೂತರು.

"ಮೇಷ್ಟ್ರೆ, ನಿಮ್ಮ ತರಗತಿ ಇಡೀ ಶಾಲೆಗೇ ಮಾದರಿ. ಮಾರ್ಕ್ಸ್ ಇಲ್ಲದೇನೂ ಮಕ್ಕಳು ಎಷ್ಟು ಖುಷಿಯಿಂದ ಕಲಿಬಹುದು ಅಂತ ನೀವು ತೋರಿಸಿಕೊಟ್ಟಿದ್ದೀರಿ. ಇಂಥದ್ದನ್ನ ನಾವು ಕಡೆಗಣಿಸಿದ್ದು ತಪ್ಪು. ಅದಕ್ಕೆ ಸಮಿತಿ ತೀರ್ಮಾನ ಮಾಡಿದೆ. ಈ ವರ್ಷದಿಂದ ಮರಗೆಲಸಕ್ಕೆ ಐವತ್ತು ಅಂಕ. ಒಟ್ಟು ಅಂಕಕ್ಕೂ ಸೇರುತ್ತೆ."

ಮಾರ್ಕ್ಸ್ ಇಲ್ಲದೆ ಚೆನ್ನಾಗಿ ನಡೆಯುತ್ತಿದ್ದುದಕ್ಕೆ ಬಹುಮಾನವಾಗಿ ಮಾರ್ಕ್ಸ್! ಇದರಲ್ಲಿರುವ ತಮಾಷೆ ಆ ಕೋಣೆಯಲ್ಲಿ ಯಾರಿಗೂ ಕಾಣಲಿಲ್ಲ. ಮೇಷ್ಟ್ರಿಗಂತೂ ಕಾಣುವ ಸ್ಥಿತಿಯೇ ಇರಲಿಲ್ಲ. ಇಷ್ಟು ವರ್ಷದ ಬಯಕೆ, ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಹೆಡ್‌ಮಿಸ್ ಅಂಕಗಳ ಹಂಚಿಕೆ ಓದಿದರು. ಅಳತೆಗೆ ಇಷ್ಟು, ಕೂಡಿಗೆ ಇಷ್ಟು, ನಯಕ್ಕೆ ಇಷ್ಟು, ಸ್ವಚ್ಛತೆಗೆ ಇಷ್ಟು.

"ಕೊನೇದು, ಒಳಗಿನ ಆಸಕ್ತಿಗೆ ಹತ್ತು ಅಂಕ. ಇದು ತಜ್ಞೆಯವರಿಗೆ ಗೌರವ ಅಂತ ಸೇರಿಸಿದ್ದು."

"ಅದನ್ನ ಹೇಗೆ ಅಳೆಯೋದು ಮೇಡಂ?"

"ನಿಮಗೆ ಗೊತ್ತಾಗಲ್ವಾ ಮೇಷ್ಟ್ರೆ? ಮಗುವಿನ ಕಣ್ಣಲ್ಲಿ ಹೊಳಪು ನೋಡಿ."

ಸ್ಟಾಫ್ ರೂಮಿನಲ್ಲಿ ಗಾಳಿ ಬೀಸುವ ದಿಕ್ಕೇ ಬದಲಾಯಿತು. ಕಿಟಕಿ ಪಕ್ಕದ ಕುರ್ಚಿಯನ್ನು ಯಾರೂ ಕೇಳದೆಯೇ ಬಿಟ್ಟುಕೊಟ್ಟರು. ಪೀರಿಯಡ್ ಕೇಳಲು ಬರುತ್ತಿದ್ದ ಗಣಿತದ ಮೇಷ್ಟ್ರು ಈಗ ಬೇರೆ ಕೆಲಸಕ್ಕೆ ಬಂದರು. "ಮೇಷ್ಟ್ರೆ, ನನ್ನ ತಂಗಿ ಮಗ ನಿಮ್ಮ ಕ್ಲಾಸಲ್ಲೇ ಇದ್ದಾನೆ. ಸ್ವಲ್ಪ ನೋಡ್ಕೊಳಿ." ನಮ್ಮ ಮೇಷ್ಟ್ರು "ನೋಡೋಣ" ಎಂದರು. ಆ ಒಂದು ಪದ ಬಾಯಿಗೆ ಎಷ್ಟು ಸಿಹಿ ಎಂದು ಅವರಿಗೆ ಅವತ್ತೇ ತಿಳಿದದ್ದು. ಪೇಪರ್ ಓದುವುದನ್ನು ಬಿಟ್ಟರು, ಮಂಡಿನೋವು ತಾನಾಗಿ ಕಡಿಮೆಯಾಯಿತು. ಅಂಕವಿರುವ ವಿಷಯಕ್ಕೆ ಒಂದು ಕ್ರಮ ಬೇಡವೇ? ಎಲ್ಲರೂ ನಾಲ್ಕು ಕಾಲಿನ ಸ್ಟೂಲು, ಎಲ್ಲರಿಗೂ ಒಂದೇ ಅಳತೆ. ಬೋರ್ಡಿನ ಮೇಲೆ ಚಿತ್ರ ಮತ್ತೆ ಬಂತು.

ದೋಣಿ ಮಾಡುತ್ತಿದ್ದವನು ದೋಣಿಯನ್ನು ಸೀಳಿ ಸ್ಟೂಲಿನ ಅಡ್ಡಪಟ್ಟಿ ಮಾಡಿದ. ಪೆಟ್ಟಿಗೆಯ ಮುಚ್ಚಳಕ್ಕಾಗಿ ಜಗಳವಾಡುತ್ತಿದ್ದ ಜೋಡಿ, ಒಬ್ಬರ ಅಳತೆ ಇನ್ನೊಬ್ಬರು ಕದಿಯಬಾರದೆಂದು ಬೆನ್ನು ಮಾಡಿ ಕೂತಿತು. ಎಲ್ಲರ ಕಣ್ಣೂ ಹೊಳೆಯತೊಡಗಿದವು. ಮೇಷ್ಟ್ರು ಹತ್ತಿರ ಬಂದರೆ ಸಾಕು, ಹುಡುಗರು ಕಣ್ಣು ಅಗಲಿಸಿ, "ಎಷ್ಟು ಖುಷಿ ಆಗ್ತಿದೆ ಸರ್!" ಎನ್ನುತ್ತಿದ್ದರು. ಅವರು ಆಚೆ ಸರಿದ ಕೂಡಲೇ ಕಣ್ಣು ಮಾಮೂಲಿ ಗಾತ್ರಕ್ಕೆ ಬರುತ್ತಿತ್ತು. ಒಬ್ಬಳು ಕಣ್ಣು ಬಿಟ್ಟು ಬಿಟ್ಟು ನೀರು ಸುರಿಯುವಷ್ಟಾಗಿ ಡಾಕ್ಟರ ಬಳಿ ಹೋಗಬೇಕಾಯಿತು.

ಪೇಟೆ ಬೀದಿಯ ಬಡಗಿಗೆ ಯೋಗ ಕುದುರಿತು. ತಂದೆತಾಯಿಯರು ಅವನ ಅಂಗಡಿ ಮುಂದೆ ಸಾಲುಗಟ್ಟಿದರು. ಅವನೂ ಬುದ್ಧಿವಂತ. ಮೊದಲು ಮಾಡಿಕೊಟ್ಟ ಸ್ಟೂಲುಗಳು ತೀರಾ ಚೆನ್ನಾಗಿದ್ದು ಸಿಕ್ಕಿಬೀಳುವಂತಿದ್ದವು. ಆದ್ದರಿಂದ ಮಕ್ಕಳೇ ಮಾಡಿದ ಹಾಗೆ ಸ್ವಲ್ಪ ಓರೆ, ಒಂದೆರಡು ಕಡೆ ಸುತ್ತಿಗೆಯ ಗಾಯ, ಎಲ್ಲೋ ಒಂದು ಸೊಟ್ಟ ಮೊಳೆ ಹಾಕಿ ಕೊಡತೊಡಗಿದ. ನೆಟ್ಟಗಿರುವುದಕ್ಕೆ ಒಂದು ರೇಟು, ಓರೆಗೆ ಅದಕ್ಕಿಂತ ಹೆಚ್ಚು. ಓರೆ ಮಾಡಲು ಕೈ ಒಗ್ಗುವುದಿಲ್ಲ, ಕಷ್ಟದ ಕೆಲಸ ಎಂದು ಅವನ ವಾದ.

ಮೇಷ್ಟ್ರಿಗೆ ಇದೆಲ್ಲ ಗೊತ್ತಾಗಲಿಲ್ಲವೇ? ಮರ ನೋಡಿದರೆ ಯಾರ ಕೈ ಎಂದು ಹೇಳುವ ಮನುಷ್ಯ, ಗೊತ್ತಾಗದೆ ಏನು! ಆದರೆ ಕಾಲಂ ಈಗಷ್ಟೇ ಬಂದಿದೆ. ಗಲಾಟೆ ಮಾಡಿದರೆ ಅದೇ ಹೋಗಿಬಿಟ್ಟರೆ? ಕಂಡರೂ ಕಾಣದವರಂತಿದ್ದರು. ಒಂದೇ ಸಮಾಧಾನವೆಂದರೆ ಯಾಕಮ್ಮ ಮೊದಲಿನ ಹಾಗೇ ಇದ್ದಳು. ಮಧ್ಯಾಹ್ನ ಡಬ್ಬಿ ಹಿಡಿದು ಬರುತ್ತಿದ್ದಳು, ಕಣ್ಣು ಅಗಲಿಸುತ್ತಿರಲಿಲ್ಲ, ಹುಬ್ಬು ಗಂಟಿಕ್ಕಿಕೊಂಡು ಸ್ಟೂಲಿನ ಜೊತೆ ಒದ್ದಾಡುತ್ತಿದ್ದಳು. ಹೆಡ್‌ಮಿಸ್ ಸೂತ್ರದ ಪ್ರಕಾರ ಅವಳಿಗೆ ಒಳಗಿನ ಆಸಕ್ತಿಯಲ್ಲಿ ಸೊನ್ನೆ ಕೊಡಬೇಕಿತ್ತು.

ಒಂದು ಮಧ್ಯಾಹ್ನ ಅವಳು ಎಳೆದಾಡಿದ ರಭಸಕ್ಕೆ ಸ್ಟೂಲಿನ ಒಂದು ಕಾಲು ಕಿತ್ತು ಬಂತು. ಕಾಲನ್ನು ಕೈಯಲ್ಲಿ ಹಿಡಿದು, ಉಳಿದದ್ದನ್ನು ಕೋಪದಿಂದ ನೆಲಕ್ಕೆ ಕುಕ್ಕಿದಳು. ಸ್ಟೂಲು ನಿಂತಿತು. ಮೆಲ್ಲಗೆ ಮುಟ್ಟಿದಳು, ಟಕ ಎನ್ನಲಿಲ್ಲ. ಉಬ್ಬಿದ ಕಡೆಗೆ ಎಳೆದಳು, ಅಲ್ಲೂ ಎನ್ನಲಿಲ್ಲ. ಕೈಯಲ್ಲಿದ್ದ ಕಾಲನ್ನು ನೋಡಿದಳು, ನೆಲವನ್ನು ನೋಡಿದಳು.

"ಸರ್, ಇದು ಈಗ ಯಾಕೆ ಆಡ್ತಿಲ್ಲ?"

ಉತ್ತರ ಮೇಷ್ಟ್ರ ನಾಲಿಗೆಯ ತುದಿಗೆ ಬಂದಿತ್ತು. ತುಟಿ ಕಚ್ಚಿಕೊಂಡು, "ನೀನೇ ನೋಡು" ಎಂದರು. ಎಷ್ಟು ಸಾವಿರ ಸಲ ಆಡಿದ ಮಾತೋ, ಅಷ್ಟು ಪ್ರೀತಿಯಿಂದ ಎಂದೂ ಆಡಿರಲಿಲ್ಲ. ಇನ್ನೊಂದು ದಿನ, ಹೆಚ್ಚೆಂದರೆ ಎರಡು ದಿನ. ಹುಡುಗಿ ಕುಣಿಯುತ್ತಾಳೆ, ತಾನು ನೋಡುತ್ತೇನೆ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಮಾರನೆಯ ದಿನ ಬಂದದ್ದು ಹುಡುಗಿಯಲ್ಲ, ಅವಳ ತಾಯಿ. ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಗಸು, ಅರ್ಧ ಗಂಟೆ ರಜೆ ಕೇಳಿ ಓಡಿಬಂದಿದ್ದಳು. "ಬೇರೆ ಎಲ್ಲದರಲ್ಲೂ ಇವಳದು ಕಷ್ಟ ಸರ್. ಮರಗೆಲಸದ ಮಾರ್ಕ್ಸೂ ಒಟ್ಟಿಗೆ ಸೇರುತ್ತಂತಲ್ಲ? ಇದೊಂದರಲ್ಲಿ ನೀವು ಕೈ ಹಿಡಿದ್ರೆ ಮಗು ಮುಂದಿನ ಕ್ಲಾಸಿಗೆ ಹೋಗ್ತಾಳೆ. ಮೂರು ಕಾಲಿಟ್ಟು ಆಟ ಆಡ್ತಿದ್ದಾಳೆ ಸರ್, ಮನೇಲೂ ಅದೇ ಮಾತು, ಮಾರ್ಕ್ಸ್ ಇರೋದು ನಾಲ್ಕಕ್ಕೆ ಅಂತ ನಿನ್ನೆ ಬೈದಿದ್ದೀನಿ. ಕಾಲು ಅಂಟಿಸ್ತಾಳೆ." ಮೇಷ್ಟ್ರಿಗೆ ಅತ್ತ ದರಿ, ಇತ್ತ ಪುಲಿ. ಆ ನಾಲ್ಕನ್ನು ಬೋರ್ಡಿನ ಮೇಲೆ ಬರೆದವರು ಅವರೇ ತಾನೆ?

ಅಂಕ ಹಾಕುವ ದಿನ ಸ್ಟೂಲುಗಳು ಶೆಡ್ಡಿನ ಮುಂದೆ ಸಾಲಾಗಿ ನಿಂತವು. ಗಣಿತದ ಮೇಷ್ಟ್ರ ತಂಗಿ ಮಗನದು ದುಬಾರಿ ಓರೆ, ಅಂದರೆ ಹೆಸರಿಗೆ ಓರೆ, ಕೂತರೆ ಬಂಡೆ. ಯಾಕಮ್ಮನದಕ್ಕೆ ಕಾಲು ಅಂಟಿಸಿತ್ತು, ಅಂಟು ಸುರಿದು ಗಟ್ಟಿಯಾಗಿತ್ತು. ಮೇಷ್ಟ್ರು ಅದನ್ನು ಒಳಗೆ ತಂದು ನೆಲಕ್ಕಿಟ್ಟು ಕೈಯಿಟ್ಟರು. ಟಕಟಕ. ಆ ಸಾಲಿನಲ್ಲಿ ನಿಜವಾಗಿ ಮಗುವಿನ ಕೈ ಮಾಡಿದ್ದು ಅದೊಂದೇ ಎಂಬಂತೆ ಅವರಿಗೆ ಕಂಡಿತು. ಹುಡುಗಿಯ ಮೇಲಿನ ಅಕ್ಕರೆ ಒಮ್ಮೆಲೇ ಉಕ್ಕಿತು. ಹಿಂದಾಗಿದ್ದರೆ ಅದನ್ನು ತೋರಿಸಲು ಬೆನ್ನು ತಟ್ಟಬಹುದಿತ್ತು, ಇನ್ನೊಂದು ಹಲಗೆ ಕೊಡಬಹುದಿತ್ತು, ಸುಮ್ಮನೆ ಕೂತು ನೋಡಬಹುದಿತ್ತು. ಈಗ ಅವರ ಕೈಯಲ್ಲಿದ್ದದ್ದು ಅಂಕ. ಐವತ್ತಕ್ಕೆ ಐವತ್ತು ಹಾಕಿದರು. ತಂಗಿ ಮಗನಿಗೆ ಹದಿನೆಂಟು.

ಗಣಿತದ ಮೇಷ್ಟ್ರು ಮಾತು ಬಿಟ್ಟರು, ಕಿಟಕಿ ಪಕ್ಕದ ಕುರ್ಚಿಯ ಮೇಲೆ ತಮ್ಮ ಚೀಲ ಇಟ್ಟರು. ಅದಕ್ಕೆಲ್ಲ ನಮ್ಮ ಮೇಷ್ಟ್ರು ಸೊಪ್ಪು ಹಾಕಲಿಲ್ಲ. ಬಹಳ ವರ್ಷಗಳ ಮೇಲೆ ನ್ಯಾಯದ ಕೆಲಸ ಮಾಡಿದೆ ಎಂದು ಎದೆಯುಬ್ಬಿಸಿಕೊಂಡು ಓಡಾಡಿದರು. ಮನೆಯಲ್ಲೂ ಹೇಳಿಕೊಂಡರು.

ಹೆಂಡತಿ ಕೇಳಿಸಿಕೊಂಡು, "ಆ ಸ್ಟೂಲು ಆಡುತ್ತಾ?" ಎಂದಳು.

"ಆಡುತ್ತೆ."

"ಆಡೋ ಸ್ಟೂಲಿಗೆ ಪೂರ್ತಿ ಕೊಟ್ರಾ? ವಾಸಿಯಾಗದೇ ಇರೋರಿಗೆ ನಾವು ಹಾಗೆ ಡಿಸ್ಚಾರ್ಜ್ ಬರೆದ್ರೆ ಕೆಲಸದಿಂದ ತೆಗೀತಾರೆ ಕಣ್ರೀ." ಎದ್ದು ಒಳಗೆ ಹೋದಳು.

ಮರುದಿನ ಮಧ್ಯಾಹ್ನ ಯಾಕಮ್ಮ ಶೆಡ್ಡಿಗೆ ಬರಲಿಲ್ಲ. ಜ್ವರವಿರಬೇಕು ಎಂದುಕೊಂಡರು. ಅದರ ಮರುದಿನವೂ ಇಲ್ಲ, ಆ ವಾರವೆಲ್ಲ ಇಲ್ಲ. ಅವಳಷ್ಟೇ ಅಲ್ಲ, ಯಾರೂ ಇಲ್ಲ. ಅಂಕ ಬಿದ್ದ ಮೇಲೆ ಶೆಡ್ಡಿನಲ್ಲಿ ಮಕ್ಕಳಿಗೇನು ಕೆಲಸ? ಊಟದ ಡಬ್ಬಿಗಳ ಸದ್ದಿಲ್ಲದ ಶೆಡ್ಡಿನಲ್ಲಿ ಮೇಷ್ಟ್ರು ಒಬ್ಬರೇ ಕೂತು, ಬಾಗಿಲು ನೋಡಿ ನೋಡಿ ಸಾಕಾಗಿ, ಕೊನೆಗೆ ಹೆಡ್‌ಮಿಸ್ ಕೋಣೆಗೆ ಹೋದರು. "ಮೇಡಂ, ನಮ್ಮ ಸಬ್ಜೆಕ್ಟಿನ ಮಾರ್ಕ್ಸ್ ತೆಗೆದುಬಿಡಿ" ಎಂದರು.

ಹೆಡ್‌ಮಿಸ್ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಇಷ್ಟು ವರ್ಷ ನನ್ನ ಪ್ರಾಣ ತಿಂದಿದ್ದು ಯಾರು ಮೇಷ್ಟ್ರೆ? ಈಗ ತೆಗೆಯೋಕಾಗುತ್ತಾ? ವರದಿ ಹೋಗಿದೆ. ಒಳಗಿನ ಆಸಕ್ತಿಯಲ್ಲಿ ನಮ್ಮ ಮಕ್ಕಳ ಸರಾಸರಿ ಹತ್ತಕ್ಕೆ ಒಂಬತ್ತು! ಸುತ್ತಮುತ್ತಲ ಶಾಲೆಗಳಲ್ಲಿ ನಾವೇ ಫಸ್ಟ್. ಮುಂದಿನ ವರ್ಷದಿಂದ ಬರೆಯೋ ಪರೀಕ್ಷೆಯೂ ಇಡ್ತಿದ್ದೀವಿ. ಪ್ರಶ್ನೆಪತ್ರಿಕೆ ನೀವೇ ತೆಗೀಬೇಕು." ಸಂತೋಷದ ಸುದ್ದಿ ಹೇಳಿದವರಂತೆ ನಕ್ಕರು.

ಅಲ್ಲಿಂದ ಹೊರಬಿದ್ದ ಮೇಷ್ಟ್ರಿಗೆ ಕಾರಿಡಾರಿನಲ್ಲಿ ಯಾಕಮ್ಮ ಸಿಕ್ಕಳು. ಬೆನ್ನಿಗೆ ಚೀಲ ಹಾಕಿ ಎಲ್ಲಿಗೋ ಅವಸರದಲ್ಲಿದ್ದಳು. ಮುಖದಲ್ಲಿ ಮೊದಲಿಲ್ಲದ ಒಂದು ಕಳೆ. ಪಾಸಾಗುವ ಭರವಸೆ ಬಂದ ಮಗುವಿನ ಕಳೆ ಅದು. ಅದನ್ನು ಕೊಟ್ಟದ್ದು ತಾನೇ ಎಂದು ಮೇಷ್ಟ್ರಿಗೆ ಒಂದು ಗಳಿಗೆ ಹೆಮ್ಮೆಯೂ ಆಯಿತು.

"ಏನಮ್ಮ, ಶೆಡ್ ಕಡೆ ಬರಲೇ ಇಲ್ಲ?"

"ಟ್ಯೂಷನ್ನಿಗೆ ಸೇರ್ಕೊಂಡಿದ್ದೀನಿ ಸರ್. ಇದರಲ್ಲಿ ಫುಲ್ ಬಂತಲ್ಲ, ಉಳಿದದ್ರಲ್ಲೂ ಪ್ರಯತ್ನ ಮಾಡಿದ್ರೆ ಬರುತ್ತೆ ಅಂದ್ರು ಅಮ್ಮ."

"ಒಳ್ಳೇದಾಯ್ತು. ಆದರೆ ನಿನ್ನ ಸ್ಟೂಲು ಇನ್ನೂ ಆಡುತ್ತಲ್ಲಮ್ಮ."

"ಆಡಿದ್ರೂ ಮಾರ್ಕ್ಸ್ ಕಟ್ ಆಗಿಲ್ವಲ್ಲ ಸರ್," ಎಂದಳು. ತುಂಟತನವಿರಲಿಲ್ಲ. ಅವರನ್ನೇ ಸಮಾಧಾನ ಮಾಡುವವಳಂತೆ ಹೇಳಿದಳು.

ಮೇಷ್ಟ್ರಿಗೆ ಅಲ್ಲೇ ಕೂತು ಅತ್ತುಬಿಡಬೇಕೆನ್ನಿಸಿತು. ಇನ್ನು ಇವಳಿಗೆ ಅದು ತಾನಾಗಿ ಹೊಳೆಯುವುದಿಲ್ಲ, ಹೊಳೆಯಲು ಇವಳು ಅಲ್ಲಿ ಕೂರುವುದೇ ಇಲ್ಲ. ಕುಣಿತ ಹೋಗಲಿ, ವಿಷಯವಾದರೂ ದಕ್ಕಲಿ ಎಂದು, ಮಾವ ಎಂದೂ ಬಾಯಿಬಿಡದ ಮಾತನ್ನು ನಡುದಾರಿಯಲ್ಲಿ ನಿಂತು ಒದರಿಬಿಟ್ಟರು. "ನೋಡು ಇಲ್ಲಿ, ಮೂರೇ ಕಾಲಿದ್ರೆ ಸ್ಟೂಲು ಆಡೋದೇ ಇಲ್ಲ. ನೆಲ ಹೇಗೇ ಇರಲಿ. ಅವತ್ತು ನೀನು ಕೇಳಿದೆಯಲ್ಲ, ಅದು ಅದೇ!"

ಹುಡುಗಿ ನಿಂತಳು. ಹುಬ್ಬು ಗಂಟಿಕ್ಕಿದಳು.

"ಇದು ಪರೀಕ್ಷೆಗೆ ಬರುತ್ತಾ ಸರ್?"

ಇಲ್ಲ ಎಂದರೆ ಹೊರಟೇಹೋಗುತ್ತಾಳೆ. "ಬರುತ್ತೆ" ಎಂದರು ಮೇಷ್ಟ್ರು.

ಅವಳು ಚೀಲ ಇಳಿಸಿ, ಪೆನ್ನು ತೆಗೆದು, ಗೋಡೆಗೆ ಪುಸ್ತಕ ಒತ್ತಿಹಿಡಿದು ದುಂಡಗೆ ಬರೆದುಕೊಂಡಳು. "ಎಷ್ಟು ಮಾರ್ಕ್ಸಿಗೆ ಸರ್?"

"ಎರಡು."

"ಎರಡೇ ಆದ್ರೆ ಕಾರಣ ಬರೀಬೇಕಾಗಿಲ್ಲ, ಅಲ್ವಾ ಸರ್?"

ಅವಳ ಪೆನ್ನು ಉತ್ತರಕ್ಕೆ ಕಾಯುತ್ತಾ ನಿಂತಿತ್ತು, ಟ್ಯೂಷನ್ನಿಗೆ ತಡವಾಗುತ್ತಿತ್ತು. "ಬೇಕಾಗಿಲ್ಲಮ್ಮ" ಎಂದರು ಮೇಷ್ಟ್ರು.